ಸಟಾಣಾದ ಭಾಕರಿ, ನಮ್ಮ ಸಜ್ಜೆ ರೊಟ್ಟಿ

ಪ್ರಶ್ನೆ: ನಾಸಿಕ್ ಜಿಲ್ಲೆಯ ಸಟಾಣಾ ಕಡೆಯ ಬಾಜ್ರಿ ಭಾಕರಿ, ನಮ್ಮ ಸಜ್ಜೆ ರೊಟ್ಟಿ ಎರಡೂ ಒಂದೇನಾ? ಬಿಸಿಬಿಸಿಯಾಗಿಯೇ ಏಕೆ ತಿನ್ನಬೇಕು?

ಉತ್ತರ: ಒಂದೇ ಎನ್ನುತ್ತೇನೆ. ಸಟಾಣಾದಲ್ಲಾಗಲಿ ವಿಜಯಪುರದಲ್ಲಾಗಲಿ, ಸಜ್ಜೆಯಲ್ಲಿ ಗೋಧಿಯ ಗ್ಲುಟೆನ್ ಇಲ್ಲ. ಕುದಿನೀರು ಬಿದ್ದಾಗ ಪಿಷ್ಟ ಅರಳಿ ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ಅಂಗೈಯಿಂದ ನಾದಿ, ತಟ್ಟಿ, ಹಂಚಿಗೆ ಹಾಕಿ ಮೇಲೆ ನೀರು ಸವರಿದರೆ ಬಿರುಕು ಬಿಡದೆ ಉಬ್ಬುತ್ತದೆ. ತಣ್ಣಗಾದರೆ ಅದೇ ಪಿಷ್ಟ ಬಿಗಿಯುತ್ತದೆ. ಹಾಗಾಗಿ ತಟ್ಟುವವರೂ ತಿನ್ನುವವರೂ ಒಲೆಯ ಹತ್ತಿರವೇ ಇರಬೇಕು. ಅಡುಗೆಮನೆಯ ಹರಟೆ ಬೆಳೆದದ್ದು ಹೀಗೆಯೇ ಎಂಬುದು ನನ್ನ ನಂಬಿಕೆ. ಖಡಕ್ ರೊಟ್ಟಿಯನ್ನು ವಾರಗಟ್ಟಲೆ ಇಡುತ್ತೇವಲ್ಲ ಎನ್ನಬಹುದು. ನಿಜ, ಆದರೆ ಅದು ತೇವವನ್ನೆಲ್ಲ ಆರಿಸಿದ ಬುತ್ತಿ. ಮೆತ್ತನೆಯ ರೊಟ್ಟಿಗೆ ಆ ಆಯಸ್ಸಿಲ್ಲ. ಸಜ್ಜೆ ಹಿಟ್ಟಿನಲ್ಲಿ ಕೊಬ್ಬಿನಂಶವಿದ್ದು ಬೇಗ ಕಹಿಯಾಗುತ್ತದೆ. ಸ್ವಲ್ಪ ಸ್ವಲ್ಪವೇ ಬೀಸಿಸಿ, ಗೆಳೆಯರನ್ನು ಒಲೆಯ ಬಳಿಗೇ ಕರೆಯಿರಿ.