ಹೃದಯಾಘಾತದ ನಂತರ ಮನೆಯವರ ಎಚ್ಚರ

ಹೃದಯಾಘಾತಕ್ಕೆ ತುತ್ತಾದವರು ಆಸ್ಪತ್ರೆಯಿಂದ ಮರಳಿದೊಡನೆ, ದೊಡ್ಡ ಗಂಡಾಂತರ ಕಳೆಯಿತೆಂದು ಮನೆಮಂದಿಯೆಲ್ಲ ನೆಮ್ಮದಿಯ ಉಸಿರು ಬಿಡುವುದು ಸಹಜ. ಆದರೆ ಗಾಯಗೊಂಡ ಹೃದಯವು ಮಾಯಲು ಹಲವು ವಾರಗಳು ಬೇಕು. ಈ ಅವಧಿಯಲ್ಲಿ ತಲೆದೋರುವ ತೊಡಕುಗಳು ಮೊದಲು ಕಣ್ಣಿಗೆ ಬೀಳುವುದು ವೈದ್ಯರಿಗಲ್ಲ, ಮನೆಯವರಿಗೆ.

ರಕ್ತನಾಳ ಮುಚ್ಚಿಕೊಂಡಾಗ ಹೃದಯದ ಸ್ನಾಯುವಿನ ಒಂದು ಭಾಗ ಸಾಯುತ್ತದೆ. ಅಲ್ಲಿ ಗಾಯದ ಕಲೆ ಬೆಳೆಯುವುದೇ ಹೊರತು ಹೊಸ ಸ್ನಾಯು ಬೆಳೆಯದು. ಉಳಿದ ಸ್ನಾಯುವೇ ಆ ಭಾರವನ್ನು ಹೊರಬೇಕು. ಅದು ಸೋತಾಗ ದೇಹದಲ್ಲಿ ನೀರು ನಿಲ್ಲುತ್ತದೆ, ಪಾದಗಳು ಊದುತ್ತವೆ, ಮಲಗಿದರೆ ಉಸಿರು ಕಟ್ಟುತ್ತದೆ. ಒಂದು ದಿಂಬಿಟ್ಟು ಮಲಗುತ್ತಿದ್ದವರು ಮೂರು ದಿಂಬು ಬೇಡಿದರೆ ಅದನ್ನು ಅಲಕ್ಷಿಸಬಾರದು. ದಿನವೂ ಬೆಳಿಗ್ಗೆ, ಉಪಾಹಾರಕ್ಕೆ ಮುನ್ನ, ತೂಕ ನೋಡಿ ಬರೆದಿಡಿರಿ. 3 ದಿನಗಳಲ್ಲಿ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಕೂಡಲೇ ವೈದ್ಯರಿಗೆ ತಿಳಿಸಿರಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ದೂರವಿಡಿರಿ.

ಎದೆಯಲ್ಲಿ ಮತ್ತೆ ಬಿಗಿತ, ತಣ್ಣನೆಯ ಬೆವರು, ಎಡೆಬಿಡದ ಎದೆಬಡಿತ ಅಥವಾ ಮೂರ್ಛೆ ಕಂಡುಬಂದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಅಜೀರ್ಣವಿರಬಹುದೆಂದು ಕಷಾಯ ಕುಡಿಸುತ್ತ ಕೂಡುವುದು ಸಲ್ಲದು. ಮಧುಮೇಹಿಗಳಿಗೆ ನೋವೇ ಇಲ್ಲದೆ ಬರಿಯ ಏದುಸಿರು, ಆಯಾಸಗಳಷ್ಟೇ ಕಾಣಿಸಬಹುದು.

ಕೆಲವರಿಗೆ ಕೆಲವು ವಾರಗಳ ಬಳಿಕ ಜ್ವರದೊಡನೆ ಎದೆನೋವು ಬರುವುದುಂಟು. ದೀರ್ಘವಾಗಿ ಉಸಿರೆಳೆದರೆ ಹೆಚ್ಚುವ, ಮುಂದಕ್ಕೆ ಬಾಗಿ ಕುಳಿತರೆ ತಗ್ಗುವ ಈ ನೋವು ಹೃದಯದ ಹೊರಪೊರೆಯ ಉರಿಯೂತದಿಂದ ಬರುವಂಥದು. 1956ರಲ್ಲಿ ಇದನ್ನು ವಿವರಿಸಿದ ವಿಲಿಯಂ ಡ್ರೆಸ್ಲರ್ ಎಂಬ ವೈದ್ಯರ ಹೆಸರೇ ಇದಕ್ಕೆ ನಿಂತಿದೆ. ಇದಕ್ಕೆ ಚಿಕಿತ್ಸೆಯಿದೆ. ಆದರೆ ಯಾವ ನೋವು ಯಾವುದೆಂದು ನಿರ್ಣಯಿಸಬೇಕಾದವರು ವೈದ್ಯರು. ಅಂಗಡಿಯ ನೋವಿನ ಮಾತ್ರೆಗಳಲ್ಲಿ ಕೆಲವು ಹೃದಯಕ್ಕೇ ಹಾನಿಕರ.

ಸ್ಟೆಂಟ್ ಅಳವಡಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಬಗೆಯ ಮಾತ್ರೆಗಳನ್ನು ಸಾಮಾನ್ಯವಾಗಿ ಒಂದು ವರ್ಷ ಸೇವಿಸಬೇಕಾಗುತ್ತದೆ. ಏಕಾದಶಿಯ ಉಪವಾಸವೆಂದೋ, ಹಲ್ಲು ಕೀಳಿಸಬೇಕೆಂದೋ ತಾವಾಗಿಯೇ ನಿಲ್ಲಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಕುತ್ತಾದೀತು. ಮಲ ಡಾಂಬರಿನಂತೆ ಕಪ್ಪಾದರೆ ಒಳಗೆ ರಕ್ತಸ್ರಾವದ ಶಂಕೆಯಿದೆ. ಒಡನೆಯೇ ಆಸ್ಪತ್ರೆಗೆ ಕರೆದೊಯ್ಯಿರಿ.

ದೇಹದಂತೆ ಮನಸ್ಸೂ ಕುಗ್ಗುತ್ತದೆ. ನಿದ್ರೆ ಬಾರದೆ, ಊಟ ರುಚಿಸದೆ ಮೂಲೆ ಹಿಡಿದವರನ್ನು ‘ಧೈರ್ಯವಿಲ್ಲ’ ಎಂದು ಜರೆಯದೆ ವೈದ್ಯರ ಗಮನಕ್ಕೆ ತರಬೇಕು. ಅವರನ್ನು ಹಾಸಿಗೆಗೇ ಕಟ್ಟಿಹಾಕುವುದೂ ತಪ್ಪು. ವೈದ್ಯರು ಅನುಮತಿಸಿದಷ್ಟು ದೂರ ದಿನವೂ ಜೊತೆಗೆ ನಡೆಯಿರಿ. ತೂಕದ ಲೆಕ್ಕ, ಮಾತ್ರೆಗಳ ಪಟ್ಟಿ ಮತ್ತು ಆಸ್ಪತ್ರೆಯ ಕಾಗದಗಳು ಮನೆಯ ಎಲ್ಲರಿಗೂ ತಿಳಿದ ಒಂದೇ ಜಾಗದಲ್ಲಿರಲಿ. ನಡುರಾತ್ರಿಯ ಆತುರದಲ್ಲಿ ಉಳಿಯುವ ಹತ್ತು ನಿಮಿಷಗಳೇ ಜೀವವನ್ನು ಉಳಿಸಿಯಾವು.