ಎರಡು ರೇಖೆಗಳ ಆಸಿಲೋಸ್ಕೋಪು

ನಮ್ಮ ವಿಜ್ಞಾನಶಾಲೆಯನ್ನು ನೋಡಬರುವ ತಾಯಿತಂದೆಗಳು ಆಸಿಲೋಸ್ಕೋಪೆಂಬ ಯಂತ್ರದ ಮುಂದೆ ನಿಂತು ಎರಡು ಪ್ರಶ್ನೆಗಳನ್ನು ಕೇಳುವದುಂಟು. ಇದರಿಂದ ತಿಳಿಯುವದೇನು ಎಂಬದು ಒಂದು. ವಿದ್ಯುತ್ತಿನ ಇಂಥ ಯಂತ್ರವನ್ನು ಹುಡುಗಿಯರ ಕೈಗೆ ಕೊಡಬಹುದೇ ಎಂಬದು ಇನ್ನೊಂದು. ಎರಡೂ ತಕ್ಕ ಪ್ರಶ್ನೆಗಳೇ. ಇದನ್ನು ನೋಡದೆ ಶಾಲೆಯನ್ನು ಬಿಟ್ಟ ಹಳೆಯ ವಿದ್ಯಾರ್ಥಿನಿಯರೂ ಇರುವದರಿಂದ, ಈ ಸಂಚಿಕೆಯಲ್ಲಿ ಅದರ ಕ್ರಮವನ್ನು ವಿವರಿಸುತ್ತೇವೆ.

ಮೊದಲು ಒಂದು ಒಗಟು. ಮನೆಗೆ ಬರುವ ವಿದ್ಯುತ್ತನ್ನು ಟ್ರಾನ್ಸ್‌ಫಾರ್ಮರಿನಿಂದ 6 ವೋಲ್ಟುಗಳಿಗೆ ಇಳಿಸಿ, 3300 ಓಮುಗಳ ಒಂದು ರೋಧಕವನ್ನೂ 1 ಮೈಕ್ರೋಫ್ಯಾರಡಿನ ಒಂದು ಕೆಪಾಸಿಟರನ್ನೂ ಒಂದರ ಹಿಂದೆ ಒಂದಾಗಿ ಅದಕ್ಕೆ ಜೋಡಿಸಿರೆಂದು ವಿದ್ಯಾರ್ಥಿನಿಯರಿಗೆ ಹೇಳುತ್ತೇವೆ. ವೋಲ್ಟ್‌ಮೀಟರಿನಿಂದ ಅಳೆದರೆ ರೋಧಕದ ಮೇಲೆ ಸುಮಾರು 4.3 ವೋಲ್ಟು, ಕೆಪಾಸಿಟರಿನ ಮೇಲೆ ಸುಮಾರು 4.2 ವೋಲ್ಟು. ಕೂಡಿಸಿದರೆ ಎಂಟೂವರೆ! ಆರು ಸೇರು ಅಕ್ಕಿಯನ್ನು ಎರಡು ಪಾತ್ರೆಗಳಿಗೆ ಹಂಚಿದರೆ ಎಂಟೂವರೆ ಸೇರಾದೀತೇ? ವೋಲ್ಟ್‌ಮೀಟರು ಸುಳ್ಳು ಹೇಳಲಿಲ್ಲ. ಹುಡುಗಿಯು ತಪ್ಪಾಗಿ ಓದಲೂ ಇಲ್ಲ. ಆ ಮೀಟರು ‘ಎಷ್ಟು’ ಎಂಬದನ್ನು ಹೇಳುವದೇ ಹೊರತು ‘ಯಾವಾಗ’ ಎಂಬದನ್ನು ಹೇಳಲಾರದು. ಅದನ್ನು ಹೇಳತಕ್ಕದ್ದು ಆಸಿಲೋಸ್ಕೋಪು.

ಮನೆಯ ವಿದ್ಯುತ್ತು ನದಿಯಂತೆ ಒಂದೇ ಕಡೆಗೆ ಹರಿಯುವದಲ್ಲ. ಉಯ್ಯಾಲೆಯಂತೆ ಅತ್ತಿತ್ತ ತೂಗುವದು. ನಮ್ಮ ದೇಶದಲ್ಲಿ ಅದು ಸೆಕೆಂಡಿಗೆ 50 ಸಾರಿ ಹೋಗಿ ಬರುವದು. ಅಂದರೆ ಒಂದು ತೂಗಾಟಕ್ಕೆ 20 ಮಿಲಿಸೆಕೆಂಡು. ಇಂಥ ಚಲನೆಯನ್ನು ಕಣ್ಣಿಗೆ ತೋರಿಸುವ ನಳಿಗೆಯನ್ನು ಜರ್ಮನಿಯ ವಿಜ್ಞಾನಿ ಕಾರ್ಲ್ ಫರ್ಡಿನೆಂಡ್ ಬ್ರೌನ್ 1897ರಲ್ಲಿ ರಚಿಸಿದನು. ಎಲೆಕ್ಟ್ರಾನುಗಳ ಕಿರಣವು ಗಾಜಿನ ತೆರೆಗೆ ಬಡಿದು ಬೆಳಕಿನ ಚುಕ್ಕೆಯಾಗುವದು. ಯಂತ್ರವು ಆ ಚುಕ್ಕೆಯನ್ನು ಎಡದಿಂದ ಬಲಕ್ಕೆ ಒಂದೇ ವೇಗದಲ್ಲಿ ಓಡಿಸುವದು. ಅಳೆಯಬೇಕಾದ ವೋಲ್ಟೇಜು ಅದನ್ನು ಮೇಲಕ್ಕೂ ಕೆಳಕ್ಕೂ ಎಳೆಯುವದು. ಉರಿಯುವ ಕೊಳ್ಳಿಯನ್ನು ಬೇಗನೆ ತಿರುಗಿಸಿದರೆ ಬೆಂಕಿಯ ಚಕ್ರವೇ ಕಾಣುವಂತೆ, ಓಡುವ ಚುಕ್ಕೆಯು ರೇಖೆಯಾಗಿ ಕಾಣುವದು. ಈಗಿನ ಅನೇಕ ಯಂತ್ರಗಳಲ್ಲಿ ಈ ನಳಿಗೆಯಿಲ್ಲ. ಅವು ವೋಲ್ಟೇಜನ್ನು ಅಂಕೆಗಳಾಗಿ ಮಾಡಿಕೊಂಡು ಚಿತ್ರಿಸುತ್ತವೆ. ಆದಾಗ್ಯೂ ಗುಂಡಿಗಳ ಅರ್ಥ ಬದಲಾಗಿಲ್ಲ.

ಎರಡು ಚಾನೆಲ್ಲುಗಳ ಯಂತ್ರದಲ್ಲಿ ಎರಡು ರೇಖೆಗಳು ಒಂದೇ ಕಾಲದ ಅಳತೆಯ ಮೇಲೆ ಮೂಡುತ್ತವೆ. ನಳಿಗೆಯ ಯಂತ್ರದಲ್ಲಿ ಸಾಮಾನ್ಯವಾಗಿ ಕಿರಣವು ಒಂದೇ. ಒಬ್ಬ ಗುಮಾಸ್ತನು ಎರಡು ಲೆಕ್ಕದ ಪುಸ್ತಕಗಳನ್ನು ಬರೆಯುವಂತೆ ಅದು ಎರಡು ರೇಖೆಗಳನ್ನೂ ಎಳೆಯಬೇಕು. ‘ಆಲ್ಟ್’ ಎಂಬ ಕ್ರಮದಲ್ಲಿ ಒಂದನ್ನು ಪೂರ್ತಿ ಎಳೆದು ಅನಂತರ ಇನ್ನೊಂದನ್ನು ಎಳೆಯುವದು. ‘ಚಾಪ್’ ಎಂಬ ಕ್ರಮದಲ್ಲಿ ಎರಡರ ಚೂರುಗಳನ್ನೂ ಬೇಗಬೇಗನೆ ಸರದಿಯಾಗಿ ಎಳೆಯುವದು. 50 ತೂಗಾಟಗಳಂಥ ನಿಧಾನದ ಕೆಲಸಕ್ಕೆ ಚಾಪ್ ಒಳ್ಳೆಯದು.

ಇನ್ನು ನಡಿಸುವ ಕ್ರಮ. ಯಾವ ತಂತಿಯನ್ನೂ ಜೋಡಿಸುವದಕ್ಕೆ ಮೊದಲು ಎರಡು ರೇಖೆಗಳನ್ನೂ ತೆರೆಯ ಮೇಲೆ ತಂದು ಸೊನ್ನೆಯ ಸ್ಥಾನವನ್ನು ಗೊತ್ತುಮಾಡಬೇಕು. ಬೆಳಕನ್ನು ಸಾಕಾಗುವಷ್ಟೇ ಇಡಬೇಕು. ಚುಕ್ಕೆಯು ಒಂದೇ ಕಡೆ ಪ್ರಖರವಾಗಿ ನಿಂತರೆ ತೆರೆಯ ಲೇಪ ಸುಟ್ಟುಹೋದೀತು. ಬಳಿಕ ಪ್ರೋಬುಗಳನ್ನು ಯಂತ್ರದ ಮುಖದಲ್ಲಿಯೇ ಇರುವ ಪರೀಕ್ಷಾ ಮೊಳೆಗೆ ಒಂದೊಂದಾಗಿ ತಗಲಿಸಬೇಕು. ಅಲ್ಲಿ ಚೌಕನಾದ ಅಲೆಯು ಮೂಡುವದು. ಅದರ ಮೂಲೆಗಳು ದುಂಡಾಗಿದ್ದರೆ ಅಥವಾ ಚೂಪಾಗಿ ಹೊರಚಾಚಿದ್ದರೆ ಪ್ರೋಬಿನ ಚಿಕ್ಕ ತಿರುಪನ್ನು ತಿರುಗಿಸಿ ಸರಿಪಡಿಸಬೇಕು.

ತೆರೆಯು ಚೌಕಾಬಾರದ ಹಲಗೆಯಂತೆ ಮನೆಮನೆಯಾಗಿ ಗೆರೆ ಹಾಕಲ್ಪಟ್ಟಿರುವದು. ನಮ್ಮ ಪ್ರಯೋಗಕ್ಕೆ ಅಡ್ಡಲಾಗಿ ಮನೆಗೆ 2 ಮಿಲಿಸೆಕೆಂಡು, ಮೇಲಕ್ಕೆ ಎರಡು ಚಾನೆಲ್ಲುಗಳಲ್ಲಿಯೂ ಮನೆಗೆ 5 ವೋಲ್ಟು ಇಟ್ಟರೆ ತಕ್ಕದ್ದು. ಆಗ ಒಂದು ಅಲೆಯು ಸರಿಯಾಗಿ ಹತ್ತು ಮನೆಗಳನ್ನು ತುಂಬುವದು. ಚಿತ್ರವು ನಿಲ್ಲದೆ ಜಾರುತ್ತಿದ್ದರೆ ಟ್ರಿಗ್ಗರನ್ನು ಒಂದನೆಯ ಚಾನೆಲ್ಲಿಗೆ ಕೊಟ್ಟು ಅದರ ಮಟ್ಟವನ್ನು ತಿರುಗಿಸಬೇಕು. ಉಯ್ಯಾಲೆಯು ಅದೇ ಸ್ಥಳಕ್ಕೆ ಅದೇ ದಿಕ್ಕಿನಿಂದ ಬಂದಾಗಲೆಲ್ಲಾ ಕಣ್ಣು ತೆರೆಯುವವಳಿಗೆ ಅದು ನಿಂತಂತೆಯೇ ತೋರುವದಲ್ಲವೇ? ಟ್ರಿಗ್ಗರಿನ ಕೆಲಸವೂ ಅಷ್ಟೇ.

ಈಗ ಒಗಟಿಗೆ ಬರೋಣ. ಒಂದನೆಯ ಪ್ರೋಬಿನ ತುದಿಯನ್ನು ಟ್ರಾನ್ಸ್‌ಫಾರ್ಮರಿನಿಂದ ರೋಧಕಕ್ಕೆ ಬರುವ ತಂತಿಗೂ, ಎರಡನೆಯದನ್ನು ರೋಧಕವೂ ಕೆಪಾಸಿಟರೂ ಕೂಡುವ ಸ್ಥಳಕ್ಕೂ, ಎರಡರ ಕ್ಲಿಪ್ಪುಗಳನ್ನು ಟ್ರಾನ್ಸ್‌ಫಾರ್ಮರಿನ ಇನ್ನೊಂದು ತಂತಿಗೂ ಜೋಡಿಸುತ್ತೇವೆ. ಮೊದಲನೆಯ ಅಲೆಯ ಶಿಖರವು ಸುಮಾರು 8.5 ವೋಲ್ಟು, 6 ಎಂಬದು ಮೀಟರು ತೋರಿಸುವ ಸರಾಸರಿಯ ಬಗೆಯ ಅಳತೆ. ಕೆಪಾಸಿಟರಿನ ಅಲೆಯು ತಗ್ಗಾಗಿರುವದಲ್ಲದೆ ಸುಮಾರು ಒಂದೂಕಾಲು ಮನೆ ಬಲಕ್ಕೆ, ಅಂದರೆ ಎರಡೂವರೆ ಮಿಲಿಸೆಕೆಂಡು ತಡವಾಗಿ ಬರುವದು. ಒಂದರಿಂದ ಇನ್ನೊಂದನ್ನು ಕಳೆಯುವ ಏರ್ಪಾಡನ್ನು ಉಪಯೋಗಿಸಿದರೆ ರೋಧಕದ ಅಲೆಯು ಕಾಣುವದು. ಅದು ಮೂಲಕ್ಕಿಂತ ಮುಂಚಿತವಾಗಿ ಬರುವದು. ಒಂದು ಶಿಖರವನ್ನು ಮುಟ್ಟಿದಾಗ ಇನ್ನೊಂದು ಸೊನ್ನೆಯಲ್ಲಿರುವದು. ಒಂದೇ ಕ್ಷಣದ ಎರಡು ಎತ್ತರಗಳನ್ನು ಕೂಡಿಸಿದರೆ ಆ ಕ್ಷಣದ ಮೂಲಕ್ಕೆ ಸರಿಹೋಗುವದು. ಬೇರೆ ಬೇರೆ ಗಳಿಗೆಯ ದೊಡ್ಡಸ್ತಿಕೆಗಳನ್ನು ಕೂಡಿಸಿದ್ದರಿಂದ ಎಂಟೂವರೆ ಬಂತು. 4.3ರ ವರ್ಗಕ್ಕೆ 4.2ರ ವರ್ಗವನ್ನು ಕೂಡಿಸಿರಿ. ಸುಮಾರು ಮೂವತ್ತಾರು, ಅಂದರೆ ಆರರ ವರ್ಗವೇ ಬರುವದು. ಲಂಬಕೋನ ತ್ರಿಕೋನದ ಲೆಕ್ಕವು ಇಲ್ಲಿಯೂ ನಿಂತಿರುವದನ್ನು ಕಂಡಾಗ ತರಗತಿಯಲ್ಲಿ ಉಂಟಾಗುವ ಸಂತೋಷವು ದೊಡ್ಡದು.

ಇನ್ನು ಎರಡನೆಯ ಪ್ರಶ್ನೆ. ಅಪಾಯವು ಹೆಚ್ಚಾಗಿ ಪ್ರೋಬಿನ ಆ ಚಿಕ್ಕ ಕ್ಲಿಪ್ಪಿನಲ್ಲಿದೆ. ಗೋಡೆಯ ವಿದ್ಯುತ್ತಿನಿಂದ ನಡೆಯುವ ಯಂತ್ರಗಳಲ್ಲಿ ಎರಡು ಚಾನೆಲ್ಲುಗಳ ಕ್ಲಿಪ್ಪುಗಳೂ ಸಾಮಾನ್ಯವಾಗಿ ಒಳಗೆ ಒಂದಾಗಿ, ಲೋಹದ ಪೆಟ್ಟಿಗೆಗೂ ಮೂರು ಮೊಳೆಗಳ ಪ್ಲಗ್ಗಿನ ಮೂಲಕ ಭೂಮಿಗೂ ಕೂಡಿರುತ್ತವೆ. ಆದುದರಿಂದ ಅವೆರಡನ್ನೂ ಒಂದೇ ಸ್ಥಳಕ್ಕೆ ಹಾಕತಕ್ಕದ್ದು. ಎರಡು ಕಡೆ ಹಾಕಿದರೆ ನಡುವಿನ ಭಾಗವು ಕೂಡಿಕೊಂಡು ಸುಟ್ಟುಹೋದೀತು. ರೋಧಕದ ಮೇಲೆ ನೇರವಾಗಿ ಕ್ಲಿಪ್ಪು ಹಾಕದೆ ಕಳೆಯುವ ಉಪಾಯವನ್ನು ಹಿಡಿದದ್ದು ಇದಕ್ಕಾಗಿಯೇ. ಗೋಡೆಯ 230 ವೋಲ್ಟಿಗೆ ಕ್ಲಿಪ್ಪನ್ನು ಎಂದಿಗೂ ತಗಲಿಸಬಾರದು. ಕೆಲವರು ತೊಂದರೆ ತಪ್ಪಿಸುವದಕ್ಕಾಗಿ ಪ್ಲಗ್ಗಿನ ಭೂಮಿಯ ಮೊಳೆಯನ್ನೇ ಕಿತ್ತುಹಾಕುತ್ತಾರೆ. ಆಗ ಪೆಟ್ಟಿಗೆಯೇ ಮಾರಕವಾಗಬಲ್ಲದು. ಹೀಗೆ ಮಾಡುವವನು ಎಷ್ಟು ಅನುಭವಸ್ಥನಾದರೂ ಅವನ ಮಾತನ್ನು ಕೇಳಬಾರದೆಂದು ನಮ್ಮ ಹುಡುಗಿಯರಿಗೆ ಕಲಿಸುತ್ತೇವೆ.

ಈ ಕಾರಣಗಳನ್ನು ತಿಳಿದ ಕೈಗೆ ಯಂತ್ರವನ್ನು ಕೊಡಬಹುದು. ತಿಳಿಯದ ಕೈಗೆ, ಅದು ಯಾರದಾದರೂ, ಕೊಡಲಾಗದು. ತಾಯಿತಂದೆಗಳೇ, ನಿಮ್ಮ ಮಗಳು ಮನೆಗೆ ಬಂದಾಗ ಆರು ವೋಲ್ಟು ಎಂಟೂವರೆಯಾದದ್ದು ಹೇಗೆಂದೂ ಎರಡು ಕ್ಲಿಪ್ಪುಗಳು ಒಂದೇ ಕಡೆ ಏಕೆಂದೂ ಕೇಳಿರಿ. ಕಾಗದದ ಮೇಲೆ ಎರಡು ಅಲೆಗಳನ್ನು ಬರೆದು ಅವಳು ಉತ್ತರ ಕೊಟ್ಟರೆ, ನಿಮ್ಮ ಎರಡು ಪ್ರಶ್ನೆಗಳಿಗೂ ಉತ್ತರ ದೊರೆತಂತಾಯಿತು.