ಅಳಿವೆಯ ಸೀಬಾಸ್‌ಗೆ ಎಂಥ ಗಾಳ, ಎಂಥ ದೋಣಿ?

ಸೀತಾ, ಸ್ವರ್ಣಾ ನದಿಗಳು ಕೋಡಿಬೆಂಗ್ರೆಯ ಬಳಿ ಕಡಲು ಸೇರುತ್ತವೆ. ಸಿಹಿನೀರು, ಉಪ್ಪುನೀರು ಬೆರೆಯುವ ಇಂಥ ಅಳಿವೆಗಳೇ ಸೀಬಾಸ್, ಅಂದರೆ ಬಾರಾಮುಂಡಿ ಮೀನಿನ ನೆಲೆ.

ದೋಣಿಯಿಂದ ಗಾಳ ಹಾಕಲು 7 ಅಡಿಯ ರಾಡ್ ಸಾಕು. ಕಾಪು ದೀಪಸ್ತಂಭದ ಬಂಡೆಗಳಂಥ ಕಡೆ ದೂರ ಎಸೆಯಲು 9–10 ಅಡಿ ಬೇಕು.

ರೀಲ್ 4000 ಅಳತೆಯದು, ಉಪ್ಪುನೀರು ತಾಳುವಂಥದ್ದು ಇರಲಿ. ಹೆಣೆದ ದಾರ ತೆಳುವಾದರೂ ಗಟ್ಟಿ. ಆದರೆ ಸೀಬಾಸ್‌ನ ಕಿವಿರು ಮುಚ್ಚಳದ ಅಂಚು ಹರಿತ. ಗಾಳದ ಬಳಿ ದಪ್ಪ ನೈಲಾನ್ ದಾರದ ತುಂಡು (ಲೀಡರ್) ಇಲ್ಲದಿದ್ದರೆ ದಾರ ತುಂಡಾಗುತ್ತದೆ.

ಹೊಳೆಗೆ ಚಪ್ಪಟೆ ತಳದ ಸಣ್ಣ ದೋಣಿ ಅನುಕೂಲ. ಲೈಫ್ ಜಾಕೆಟ್, ಲಂಗರು, ಹುಟ್ಟು ಇರಲೇಬೇಕು: ಇಳಿತದ ಸೆಳೆತ ದೋಣಿಯನ್ನು ಕಡಲಿನತ್ತ ಎಳೆಯುತ್ತದೆ.

ಬಳಸಿದ ರೀಲನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಬೇಕು. ಉಪ್ಪು ಕುಳಿತರೆ ಬೇರಿಂಗ್ ತುಕ್ಕು ಹಿಡಿಯುತ್ತದೆ.